‘ಪೊಲಿಟಿಕಲ್ ಸೈನ್ಸ್ ನನಗೆ ಆಗಲ್ಲ ಮೇಡಂ’

ಶಿಡ್ಲಘಟ್ಟ ಕಡೆಯ ಹುಡುಗಿ, ವಯಸ್ಸು 22. ಮಂಜುಳಾ ಅಂತಿಟ್ಟುಕೊಳ್ಳೋಣ, ನಿಜವಾದ ಹೆಸರು ಅದಲ್ಲ. ಎಂ.ಎ. ರಾಜ್ಯಶಾಸ್ತ್ರ, ಮೊದಲ ಸೆಮಿಸ್ಟರ್. ದಿನಾ ಬುತ್ತಿ ಕಟ್ಟಿಕೊಂಡು ಬಸ್ ಹತ್ತುತ್ತಾಳೆ, ಚಿಕ್ಕಬಳ್ಳಾಪುರದಲ್ಲಿ ಇಳಿಯುತ್ತಾಳೆ. ಕ್ಲಾಸಿಗೆ ಮಾತ್ರ ಮೂರು ವಾರದಿಂದ ಹೋಗಿಲ್ಲ. ಸಂಜೆವರೆಗೂ ಲೈಬ್ರರಿಯಲ್ಲಿ ಕೂತು ವಾಪಸ್. ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ನನ್ನ ಹತ್ತಿರ ಕರೆತಂದವಳು ಅವಳ ಗೆಳತಿ.

"ಪೊಲಿಟಿಕಲ್ ಸೈನ್ಸ್ ನನಗೆ ಆಗಲ್ಲ ಮೇಡಂ, ಬಿಟ್ಟುಬಿಡ್ತೀನಿ" ಅಂದಳು.

ಮನೆಯಲ್ಲಿ ಮದುವೆ ಮಾತು ಎದ್ದಿರಬೇಕು ಅಂದುಕೊಂಡೆ. ಈ ವಯಸ್ಸಿನ ಹೆಣ್ಣುಮಕ್ಕಳು ಬಂದರೆ ನನ್ನ ತಲೆ ಮೊದಲು ಅಲ್ಲಿಗೇ ಓಡುತ್ತೆ, ಕೆಟ್ಟ ಚಾಳಿ. ಹಾಗೇನೂ ಇರಲಿಲ್ಲ. ಮಗಳು ಲೆಕ್ಚರರ್ ಆಗಲಿ ಅಂತ ಅಪ್ಪನಿಗೇ ಜಾಸ್ತಿ ಆಸೆ.

ದಿನಾ ಬೆಳಿಗ್ಗೆ 5ಕ್ಕೆ ಎದ್ದು ಎರಡು ಗಂಟೆ ಓದು ಅಂತ ಹೇಳಿ ಕಳಿಸಿದೆ. ಮುಂದಿನ ವಾರ ಬಂದು ನಕ್ಕಳು. ಅವರದು ರೇಷ್ಮೆ ಮನೆ. ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ಹೊತ್ತು, ಮುಗಿಸಿ ಎದ್ದ ಮೇಲೆ ಹುಳ ಸುಮಾರು ಒಂದು ವಾರ ತಿನ್ನುತ್ತಲೇ ಇರುತ್ತೆ. 5 ಗಂಟೆಗೆ ಅವಳು ಸೊಪ್ಪು ಹಾಕುತ್ತಿರುತ್ತಾಳೆ. ಕೇಳದೇ ಟೈಮ್ ಟೇಬಲ್ ಬರೆದುಕೊಟ್ಟ ತಪ್ಪು ನನ್ನದು.

ಆವತ್ತೇ ನಿಜ ಹೊರಬಂತು. ಬಿ.ಎ. ಓದಿದ್ದು ಕನ್ನಡ ಮಾಧ್ಯಮದಲ್ಲಿ, ಇಲ್ಲಿ ಪಾಠ ಪೂರ್ತಿ ಇಂಗ್ಲಿಷ್. ರಾಜಕೀಯ ಚಿಂತಕ ಹಾಬ್ಸ್ ಬಗ್ಗೆ ಸೆಮಿನಾರ್ ಕೊಡುವಾಗ ‘ಸಾವರಿನ್ಟಿ’ (ಸಾರ್ವಭೌಮತ್ವ) ಅನ್ನುವ ಪದವನ್ನು ಕಾಗುಣಿತ ಇದ್ದ ಹಾಗೇ ‘ಸೊವೆರೆಯಿಗ್ನ್‌ಟಿ’ ಅಂತ ಓದಿದಳು. ಹಿಂದಿನ ಬೆಂಚು ನಕ್ಕಿತು. ಮರುದಿನದಿಂದ ಲೈಬ್ರರಿ.

"ಸಾರ್ವಭೌಮತ್ವ ಅಂದ್ರೆ ಗೊತ್ತಾ?" ಕೇಳಿದೆ. ಹಾಬ್ಸ್, ಲಾಕ್, ರೂಸೋ ಮೂವರ ಸಾಮಾಜಿಕ ಒಪ್ಪಂದ ಸಿದ್ಧಾಂತವನ್ನೂ ಬಿಡಿಸಿ ಹೇಳಿದಳು, ಕನ್ನಡದಲ್ಲಿ. ನಿಮ್ಮೂರ ಗ್ರಾಮಸಭೆ ಹೇಗೆ ನಡೆಯುತ್ತೆ ಅಂದೆ. ಅರ್ಧ ಗಂಟೆ ನಿಲ್ಲಲಿಲ್ಲ. ಮನೆ ಹಂಚುವ ಪಟ್ಟಿ ಮೊದಲೇ ತಯಾರಾಗಿರುತ್ತಂತೆ. ಪಂಚಾಯಿತಿ ಸದಸ್ಯೆ ಕುರ್ಚಿಯಲ್ಲಿ, ಮಾತು ಪಕ್ಕದಲ್ಲಿ ನಿಂತ ಗಂಡನದು. 1993ರಲ್ಲಿ ಪಂಚಾಯಿತಿಗಳಿಗೆ ಸಂಬಂಧಿಸಿದ ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂತು, ಈಗ ನಮ್ಮಲ್ಲಿ ಪಂಚಾಯಿತಿಯಲ್ಲಿ ಹೆಣ್ಣುಮಕ್ಕಳಿಗೆ ಅರ್ಧ ಸೀಟು, ಆದ್ರೂ ಹೀಗೆ ಮೇಡಂ ಅಂದಳು. ವಿಷಯ ಆಗದವರು ಹೀಗೆ ಮಾತಾಡ್ತಾರಾ?

ನಾನು ಹೇಳಿದ್ದು ಇಷ್ಟು. ಪರೀಕ್ಷೆಯನ್ನು ಕನ್ನಡದಲ್ಲಿ ಬರೆ. ಅವಕಾಶ ಇರುವುದು ಅವಳಿಗೆ ಗೊತ್ತಿತ್ತು, ನಾಚಿಕೆಗೆ ಸುಮ್ಮನಿದ್ದಳು. ಒಂದು ಸಣ್ಣ ನೋಟ್‌ಬುಕ್ ಇಡು, ಎಡಕ್ಕೆ ಕನ್ನಡ ಪದ, ಬಲಕ್ಕೆ ಇಂಗ್ಲಿಷ್, ಅದರ ಕೆಳಗೆ ಉಚ್ಚಾರಣೆ. ಸೊಪ್ಪು ಹಾಕುವಾಗ ಬಾಯಲ್ಲಿ ಹೇಳಿಕೋ. ನಾಳೆಯೇ ಮೇಷ್ಟ್ರನ್ನು ನೋಡಿ ಹಾಜರಾತಿ ವಿಷಯ ಮಾತಾಡು.

ಕೆಲಸದ ಬಗ್ಗೆ ಮುಚ್ಚಿಡಲಿಲ್ಲ. ಬರೀ ಎಂ.ಎ. ಇಟ್ಟುಕೊಂಡರೆ ಏನೂ ಆಗಲ್ಲ. ಪಿಯು ಉಪನ್ಯಾಸಕಿ ಆಗಬೇಕಾದರೆ ಬಿ.ಎಡ್. ಕೂಡ ಬೇಕು. ಡಿಗ್ರಿ ಕಾಲೇಜಿನ ಕಡೆ ಕಣ್ಣಿದ್ದರೆ ಅರ್ಹತಾ ಪರೀಕ್ಷೆ ಪಾಸಾಗಬೇಕು, ದೇಶಮಟ್ಟದ ನೆಟ್ ಅಥವಾ ರಾಜ್ಯದ ಕೆ-ಸೆಟ್. ನೆಟ್ ಪ್ರಶ್ನೆಪತ್ರಿಕೆ ಇಂಗ್ಲಿಷ್, ಹಿಂದಿಯಲ್ಲಿ ಬರುತ್ತೆ. ಕೆ-ಸೆಟ್‌ನಲ್ಲಿ ಕನ್ನಡವೂ ಇದೆ. ಎಂ.ಎ.ಯಲ್ಲಿ ಶೇ 55 ಬರಬೇಕು, ಮೀಸಲಾತಿ ಇದ್ದವರಿಗೆ ಶೇ 50. ಈಗಿನ ಸೆಮಿಸ್ಟರ್ ಕೈಬಿಟ್ಟರೆ ಆ ಶೇಕಡಾವಾರಿಗೇ ಪೆಟ್ಟು.

ಅಪ್ಪನಿಗೆ ಹೇಳುವುದೇ ಕಷ್ಟವಾಯಿತು. ನನ್ನ ಎದುರೇ ಹೇಳ್ತೀನಿ ಅಂದಳು, ಕರೆಸಿದೆವು. ಅವರು ಬೈಯಲಿಲ್ಲ. ಸುಮಾರು ಹೊತ್ತು ಟವೆಲ್ಲಿನ ಅಂಚು ತಿರುವುತ್ತಾ ಕೂತಿದ್ದು, "ಡಬ್ಬಿ ದಿನಾ ಖಾಲಿ ಬರ್ತಿತ್ತಲ್ಲಮ್ಮಾ" ಅಂದರು.

ಈಗ ಕ್ಲಾಸಿಗೆ ಹೋಗುತ್ತಿದ್ದಾಳೆ. ಹಾಜರಾತಿ ಇನ್ನೂ ಸ್ವಲ್ಪ ಕಮ್ಮಿ ಇದೆ. ಹಿಂದಿನ ಬೆಂಚಿನವರು ಈಗಲೂ ಅವಳನ್ನು ‘ಸೊವೆರೆಯಿಗ್ನ್‌ಟಿ’ ಅಂತಲೇ ಕರೆಯುತ್ತಾರಂತೆ. ಪ್ರಾಜೆಕ್ಟಿಗೆ ಗ್ರಾಮಸಭೆಯನ್ನೇ ತಗೊಳ್ತೀನಿ ಅಂದಿದ್ದಾಳೆ.