ಮೂರು ದನ, ಆರು ಜನ: ಗೋಬರ್ ಗ್ಯಾಸ್ ಸಾಕಾಗುತ್ತಾ?

ಪ್ರಶ್ನೆ: ನಮ್ಮದು ಯಲಬುರ್ಗಾ ಕಡೆಯ ಹಳ್ಳಿ. ಎರಡು ಎತ್ತು, ಒಂದು ಎಮ್ಮೆ ಇವೆ, ಮನೆಯಲ್ಲಿ ಆರು ಜನ. 2 ಘನ ಮೀಟರಿನ ಗೋಬರ್ ಗ್ಯಾಸ್ ಕಟ್ಟಿಸಬೇಕು ಅಂತಿದ್ದೇವೆ. ಹಳೇ ಸೋಲಾರ್ ದೀಪ ಎರಡೇ ವರ್ಷಕ್ಕೆ ಕೆಟ್ಟಿತು. ಮತ್ತೆ ಹಾಕಿಸಬಹುದಾ?

ಉತ್ತರ: ಮೊದಲು ಸಗಣಿ ಲೆಕ್ಕ ಹಾಕಿ. ಎತ್ತಿಗೆ ದಿನಕ್ಕೆ ಸುಮಾರು 10 ಕೆಜಿ, ಎಮ್ಮೆಗೆ 15 ಕೆಜಿ ಹಿಡಿದರೆ ಒಟ್ಟು 35 ಕೆಜಿ. 2 ಘನ ಮೀಟರಿಗೆ ದಿನಾ 50 ಕೆಜಿ ಬೇಕು, ಮೇಲೆ ಅಷ್ಟೇ ನೀರೂ ಬೇಕು. ಎತ್ತು ಹೊಲಕ್ಕೆ ಹೋದ ದಿನ ಅರ್ಧ ಸಗಣಿ ಅಲ್ಲೇ ಬೀಳುತ್ತೆ, ಅಲ್ವಾ? ಅದಕ್ಕೇ ಸುಮ್ನೆ ದೊಡ್ಡದು ಕಟ್ಟಿಸಬೇಡಿ. 1 ಘನ ಮೀಟರಿನದು ಸಾಕು. ಅನ್ನ, ಸಾರು, ಚಹಾ ಅದರಲ್ಲಿ ಆಗುತ್ತೆ, ಆರು ಜನರ ರೊಟ್ಟಿಗೆ ಮಾತ್ರ ಕಟ್ಟಿಗೆ ಒಲೆ ಬಿಡೋದು ಕಷ್ಟ. ಹೊರಗೆ ಬರೋ ಬಗ್ಗಡ ಚೆಲ್ಲಬೇಡಿ, ಹೊಲಕ್ಕೆ ಒಳ್ಳೇ ಗೊಬ್ಬರ.

ಇನ್ನು ಸೋಲಾರ್. ಕೆಟ್ಟಿದ್ದು ಪ್ಯಾನೆಲ್ ಅಲ್ಲ, ಬ್ಯಾಟರಿ ಇರಬೇಕು. ಅದಕ್ಕೆ ಡಿಸ್ಟಿಲ್ಡ್ ವಾಟರ್ ಹಾಕೋದು ಜಾಸ್ತಿ ಜನ ಮರೆತೇಬಿಡುತ್ತಾರೆ, ಕೆಲವರು ಬೋರ್ ನೀರನ್ನೇ ಸುರಿಯುತ್ತಾರೆ! ಪ್ಯಾನೆಲ್ ಬಿಚ್ಚಿ ಎಸೆಯುವ ಮೊದಲು ಬಿಸಿಲಲ್ಲಿಟ್ಟು ಎಲೆಕ್ಟ್ರಿಷಿಯನ್ ಹತ್ತಿರ ವೋಲ್ಟೇಜ್ ನೋಡಿಸಿ. ಅದು ಸರಿಯಿದ್ದರೆ ಬ್ಯಾಟರಿಯಷ್ಟೇ ಬದಲಿಸಿ. ಮಾಳಿಗೆ ಮೇಲೆ ದಕ್ಷಿಣಕ್ಕೆ ಮುಖ ಮಾಡಿ, 15 ಡಿಗ್ರಿ ಓರೆಯಾಗಿ ಕೂರಿಸಿ. ನಮ್ಮ ಕಡೆ ಧೂಳು ಕೇಳಬೇಕಾ, ವಾರಕ್ಕೊಮ್ಮೆ ಒರೆಸಿ. ಆದರೆ ಬೆಳಿಗ್ಗೆ ಬೇಗ ಒರೆಸಿ, ಕಾದ ಗಾಜಿಗೆ ತಣ್ಣೀರು ಬಿದ್ದರೆ ಬಿರುಕು ಬಿಡಬಹುದು.