ಬೆಂಗಳೂರಿನ ದುಡಿಯುವ ಹೆಣ್ಣುಮಕ್ಕಳ ಭಾವಚಿತ್ರ ಸರಣಿ: ಯಾವ ಲೆನ್ಸ್, ಎಷ್ಟು ಜನ, ಕಪ್ಪು-ಬಿಳುಪೋ ಬಣ್ಣವೋ?

ದುಡಿಯುವ ಹೆಣ್ಣುಮಕ್ಕಳ ಭಾವಚಿತ್ರ ಸರಣಿಗೆ ಯಾವ ಲೆನ್ಸ್ ಒಳ್ಳೆಯದು ಎಂದು ಕೇಳಿ ನೀವು ಕೊಟ್ಟಿರುವ ಪಟ್ಟಿ ನನಗೆ ಹಳೆಯ ಪರಿಚಯ. ಹೂ ಮಾರುವವರು, ಪೌರಕಾರ್ಮಿಕರು, ಗಾರ್ಮೆಂಟ್ಸ್ ಟೈಲರ್, ಬಸ್ ಕಂಡಕ್ಟರ್, ನರ್ಸ್, ಲಿಂಗತ್ವ ಅಲ್ಪಸಂಖ್ಯಾತರೊಬ್ಬರು, ಸಾಫ್ಟ್‌ವೇರ್‌ನವರೊಬ್ಬರು. ಒಟ್ಟು ಇಪ್ಪತ್ತು ಮುಖ, ಎಲ್ಲವೂ ಕಪ್ಪು-ಬಿಳುಪು, ಮೇಲೆ ‘ಕಷ್ಟದಲ್ಲೂ ಕುಗ್ಗದವರು’ ಅನ್ನುವ ಶೀರ್ಷಿಕೆ. ನಾನೂ ಇಂಥದ್ದೇ ಪಟ್ಟಿ ಹಿಡಿದು ಈ ಕೆಲಸಕ್ಕೆ ಇಳಿದದ್ದು. ಲೆನ್ಸ್ ವಿಷಯ ಹೇಳುತ್ತೇನೆ. ಅದಕ್ಕೂ ಮೊದಲು ಆ ಪಟ್ಟಿಯನ್ನೂ ಶೀರ್ಷಿಕೆಯನ್ನೂ ಪಕ್ಕಕ್ಕಿಡಿ.

ಕೆಲಸಕ್ಕೊಬ್ಬರಂತೆ ಆರಿಸಿದರೆ ಗೋಡೆಯ ಮೇಲೆ ಬರುವುದು ಶಾಲೆಯ ‘ನಮ್ಮ ಸಹಾಯಕರು’ ಚಾರ್ಟ್. ಅಲ್ಲಿ ಪ್ರತಿಯೊಬ್ಬರೂ ತಮ್ಮ ಕಸುಬಿನ ಗುರುತಾಗುತ್ತಾರೆಯೇ ಹೊರತು ತಾವಾಗುವುದಿಲ್ಲ. ವೈವಿಧ್ಯ ಬೇಕಿದ್ದರೆ ಊರೆಲ್ಲ ಸುತ್ತಬೇಡಿ. ಕೆ.ಆರ್. ಮಾರ್ಕೆಟ್‌ನಿಂದ ಕಲಾಸಿಪಾಳ್ಯದ ಬಸ್ ನಿಲ್ದಾಣದವರೆಗೆ ನಡೆಯಿರಿ. ಆ ಒಂದಿಷ್ಟು ದೂರದಲ್ಲೇ ಕನ್ನಡ, ತಮಿಳು, ತೆಲುಗು, ದಖನಿ ಉರ್ದು ಕೇಳುತ್ತದೆ. ಹೂವು, ಸೊಪ್ಪು, ಕಸದ ಗಾಡಿ, ಟೀ ಅಂಗಡಿ ಎಲ್ಲ ಸಿಗುತ್ತದೆ. ಹತ್ತು ಹನ್ನೆರಡು ಜನ ಸಾಕು. ಇಪ್ಪತ್ತು ಮಂದಿಯ ಹತ್ತಿರ ಒಂದೊಂದು ಸಲ ಹೋಗುವುದಕ್ಕಿಂತ ಹತ್ತು ಮಂದಿಯ ಹತ್ತಿರ ಮತ್ತೆ ಮತ್ತೆ ಹೋಗುವುದು ಮೇಲು.

ಇನ್ನು ‘ಕಷ್ಟ’. ಕಷ್ಟ ಹುಡುಕಿಕೊಂಡು ಹೋದ ಕ್ಯಾಮೆರಾಗೆ ಬಳಲಿದ ಮುಖವೇ ಕಾಣುತ್ತದೆ, ಯಾಕೆಂದರೆ ಆರಿಸುವವರು ನೀವು. ಹೆಣ್ಣಿನ ಗಟ್ಟಿತನ ಕಾಣುವುದು ಆಕೆಗೆ ಚೆನ್ನಾಗಿ ಬರುವ ಕೆಲಸದಲ್ಲಿ. ಬಾಳೆನಾರಿಗೆ ಕನಕಾಂಬರ ಕಟ್ಟುವ ಬೆರಳು, ಮೊಣಕೈಯಿಂದ ಬೆರಳ ತುದಿವರೆಗೆ ಮೊಳ ಹಾಕುವಾಗ ಚಾಚುವ ಕೈ, ಗಿರಾಕಿಯ ಮುಖ ನೋಡುತ್ತಲೇ ಅಳೆಯುವ ಆ ಹಿಡಿತ. ಅದನ್ನು ತೆಗೆಯಿರಿ. ಆಮೇಲೆ ಇನ್ನೊಂದು ಚಿತ್ರ, ಪೂರ್ತಿ ಆಕೆಯ ಇಷ್ಟದ್ದು: ಯಾವ ಸೀರೆ, ಎಲ್ಲಿ, ಪಕ್ಕದಲ್ಲಿ ಯಾರು ಎಂದು ಆಕೆಯೇ ಹೇಳಲಿ. ಒಬ್ಬೊಬ್ಬರದು ಎರಡೆರಡು ಚಿತ್ರ ಜೊತೆಯಾಗಿ ತೂಗಲಿ.

ಇಂಥ ಸರಣಿಗಳನ್ನು ಕೆಡಿಸುವ ತಪ್ಪು ಒಂದೇ, ಅದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ: ನಿಂತುಕೊಂಡು ತೆಗೆಯುವುದು. ನೆಲದ ಮೇಲೆ ಕೂತವರ ಕಣ್ಣು ನೆಲದಿಂದ ಸುಮಾರು 70 ಸೆಂ.ಮೀ. ಎತ್ತರದಲ್ಲಿರುತ್ತದೆ. ನಿಂತವರ ಕ್ಯಾಮೆರಾ 150 ಸೆಂ.ಮೀ.ನಲ್ಲಿ. ಒಂದು ಮೀಟರ್ ದೂರದಲ್ಲಿ ನಿಂತರೆ ಲೆನ್ಸ್ ಹತ್ತಿರ ಹತ್ತಿರ 40 ಡಿಗ್ರಿ ಕೆಳಗೆ ಬಾಗುತ್ತದೆ. ಆಗ ನೆತ್ತಿ ಲೆನ್ಸಿಗೆ ಹತ್ತಿರ, ಗಲ್ಲ ದೂರ. ಹಣೆ ಹಿಗ್ಗಿ ಭುಜ ಕುಗ್ಗುತ್ತದೆ. ಕತ್ತೆತ್ತಿ ನೋಡುವ ಕಣ್ಣು ಏನೋ ಬೇಡುವ ಕಣ್ಣಿನಂತೆ ಬರುತ್ತದೆ. ಆಕೆ ಬೇಡುತ್ತಿರಲಿಲ್ಲ, ಸೇವಂತಿಗೆಗೆ ರೇಟು ಹೇಳುತ್ತಿದ್ದರು. ಹಿನ್ನೆಲೆಯಲ್ಲಿ ಅವರ ಅಂಗಡಿ ಬರದೆ ಬರೀ ಒದ್ದೆ ನೆಲ ಬರುತ್ತದೆ. ನೋಡಿದವರು ‘ಅಯ್ಯೋ ಪಾಪ’ ಅನ್ನುತ್ತಾರೆ, ಸರಣಿಯ ಉದ್ದೇಶ ಅಲ್ಲಿಗೇ ಮುಗಿಯಿತು. ಕೆಳಗೆ ಬರೆದ ಎರಡು ಸಾಲಿನ ಹೊಗಳಿಕೆ ಆ ಕೋನವನ್ನು ತಿದ್ದುವುದಿಲ್ಲ.

ಅದೇ ತಪ್ಪಿನ ಇನ್ನೊಂದು ಅರ್ಧ ದೂರದ್ದು. ಮೂಗಿನ ತುದಿಗೂ ಕಿವಿಗೂ 12 ಸೆಂ.ಮೀ. ಆಸುಪಾಸು ಅಂತರವಿದೆ. ಅರ್ಧ ಮೀಟರಿನಿಂದ ತೆಗೆದರೆ ಕಿವಿಗೆ ಹೋಲಿಸಿದಾಗ ಮೂಗು ಕಾಲುಭಾಗದಷ್ಟು ಹಿಗ್ಗುತ್ತದೆ. ಎರಡು ಮೀಟರಿನಿಂದ ತೆಗೆದರೆ ಆ ವ್ಯತ್ಯಾಸ ನೂರಕ್ಕೆ ಆರು, ಕಣ್ಣಿಗೆ ಬೀಳುವುದೇ ಇಲ್ಲ. ಇದನ್ನು ಮಾಡುವುದು ದೂರ, ಲೆನ್ಸ್ ಅಲ್ಲ. 24 ಎಂ.ಎಂ.ನಂಥ ಅಗಲ ನೋಟದ ಲೆನ್ಸ್ ಹಾಕಿಕೊಂಡವರು ಫ್ರೇಮ್ ತುಂಬಿಸಲು ಹತ್ತಿರ ಹೋಗಲೇಬೇಕಾಗುತ್ತದೆ, ಅದೇ ಅಪಾಯ. ಫೋನಿನ ಮುಖ್ಯ ಕ್ಯಾಮೆರಾದ ಕತೆಯೂ ಅದೇ. ಅದರಲ್ಲಿ 2ಎಕ್ಸ್ ಜೂಮ್ ಒತ್ತಿ ಹಿಂದೆ ಸರಿಯಿರಿ.

ಆದ್ದರಿಂದ ಬ್ಯಾಗಿನಲ್ಲಿ ಒಂದು ಮಣೆ ಅಥವಾ ಮಡಚುವ ಪುಟ್ಟ ಸ್ಟೂಲ್ ಇರಲಿ. ಕೂತು, ಲೆನ್ಸನ್ನು ಅವರ ಕಣ್ಣಿನ ಎತ್ತರಕ್ಕೋ ಒಂದು ಗೇಣು ಕೆಳಕ್ಕೋ ತನ್ನಿ. ದೊಡ್ಡ ಸೆನ್ಸರಿನ (ಫುಲ್ ಫ್ರೇಮ್) ಕ್ಯಾಮೆರಾ ಆದರೆ 50 ಎಂ.ಎಂ., ಚಿಕ್ಕ ಸೆನ್ಸರಿನದು (ಎಪಿಎಸ್-ಸಿ) ಆದರೆ 35 ಎಂ.ಎಂ. ಎರಡು ಮೀಟರ್ ದೂರದಿಂದ, ಕ್ಯಾಮೆರಾ ಉದ್ದಕ್ಕೆ ಹಿಡಿದರೆ ಸುಮಾರು 1.4 ಮೀಟರ್ ಎತ್ತರ ಫ್ರೇಮಿಗೆ ಬರುತ್ತದೆ. ಕೂತವರು, ಬುಟ್ಟಿ, ತಕ್ಕಡಿ ಎಲ್ಲ ಹಿಡಿಯುತ್ತದೆ. ಮುಖವಷ್ಟೇ ಬೇಕಾದಾಗ 85 ಎಂ.ಎಂ. ಹಿನ್ನೆಲೆ ಮಸುಕಾಗಲಿ ಅಂತ ಲೆನ್ಸಿನ ಕಿಂಡಿಯನ್ನು ಎಫ್ 1.8ರಷ್ಟು ಅಗಲಕ್ಕೆ ತೆರೆಯಬೇಡಿ. 50 ಎಂ.ಎಂ., ಎರಡು ಮೀಟರಿನಲ್ಲಿ ಅದು ಕೊಡುವ ಸ್ಪಷ್ಟ ಆಳ ಸುಮಾರು 17 ಸೆಂ.ಮೀ.; ಕಣ್ಣು ಚೂಪಾಗಿದ್ದು ಹೂ ಕಟ್ಟುವ ಕೈ ಮಸುಕಾಗುತ್ತದೆ. ಎಫ್ 5.6ರಲ್ಲಿ ಅರ್ಧ ಮೀಟರಿನಷ್ಟು ಸಿಗುತ್ತದೆ. ಕೈ ಆಡುತ್ತಿರುತ್ತದೆ, ಶಟರ್ ವೇಗ 1/250 ಸೆಕೆಂಡಿಗಿಂತ ಇಳಿಸಬೇಡಿ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 3200 ಆದರೂ ಪರವಾಗಿಲ್ಲ, ಅದರಿಂದ ಚಿತ್ರದಲ್ಲಿ ಬರುವ ಕಾಳು ಪ್ರಿಂಟಿನಲ್ಲಿ ಕಾಣುವುದು ಅಷ್ಟಕ್ಕಷ್ಟೆ.

ಮಾರ್ಕೆಟ್ಟಿನ ನಿಜವಾದ ತೊಂದರೆ ನೀಲಿ ಟಾರ್ಪಾಲು. ಮೇಲಿನಿಂದ ನೀಲಿ, ಬೀದಿ ಕಡೆಯಿಂದ ಬಿಳಿ ಬೆಳಕು. ಬೆಳಕಿನ ಬಣ್ಣ ಸರಿದೂಗಿಸುವ ವೈಟ್ ಬ್ಯಾಲೆನ್ಸ್ ಹೇಗೆ ತಿದ್ದಿದರೂ ಹಣೆ ಒಂದು ಬಣ್ಣ, ಕೆನ್ನೆ ಇನ್ನೊಂದು ಬಣ್ಣ. ಜೊತೆಗೆ ಬಂದವರು ಒಂದು ಕಪ್ಪು ಛತ್ರಿಯನ್ನು ಹೂ ಮಾರುವವರ ತಲೆಯ ಮೇಲೆ, ಫ್ರೇಮಿನಾಚೆ ಹಿಡಿದರೆ ನೀಲಿ ತಡೆಯುತ್ತದೆ, ಮುಖಕ್ಕೆ ಬೀದಿಯ ಬೆಳಕು ಮಾತ್ರ ಬೀಳುತ್ತದೆ. ಮಲ್ಲಿಗೆ ರಾಶಿ ಫ್ರೇಮಿನಲ್ಲಿದ್ದರೆ ಕ್ಯಾಮೆರಾದ ಬೆಳಕಿನ ಮೀಟರ್ ಮೋಸಹೋಗಿ ಮುಖ ಕಪ್ಪಿಡುತ್ತದೆ, ಎಕ್ಸ್‌ಪೋಷರನ್ನು ಒಂದು ಸ್ಟಾಪಿನ (ಬೆಳಕು ಇಮ್ಮಡಿಯಾಗುವ ಹೆಜ್ಜೆ) ಮೂರನೇ ಎರಡರಷ್ಟು ಏರಿಸಿ. ಹಿಂದೆ ಕತ್ತಲ ಮಳಿಗೆಯಿದ್ದರೆ ಅಷ್ಟೇ ಇಳಿಸಿ. ಕಪ್ಪು ಮೈಬಣ್ಣವನ್ನು ಆಮೇಲೆ ಕಂಪ್ಯೂಟರಿನಲ್ಲಿ ಬೆಳ್ಳಗೆ ಮಾಡುವುದು, ಸುಕ್ಕು ಒರೆಸುವುದು ಅವಮಾನ. ದಯವಿಟ್ಟು ಬೇಡ. ಮಧ್ಯಾಹ್ನ ಬಯಲಿನಲ್ಲಿ ತೆಗೆಯುವುದೂ ಬೇಡ. ಏಪ್ರಿಲ್ ಕೊನೆ, ಆಗಸ್ಟ್ ನಡುವಿನಲ್ಲಿ ಬೆಂಗಳೂರಿಗೆ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ, ಕಣ್ಣಿನ ಗುಳಿ ಕಪ್ಪಾಗುತ್ತದೆ. ಪೌರಕಾರ್ಮಿಕರ ಜಾಕೆಟ್ಟಿನ ಹೊಳೆಯುವ ಪಟ್ಟಿ ಬೆಳಕನ್ನು ಬಂದ ಕಡೆಗೇ ತಿರುಗಿಸುತ್ತದೆ, ಹಾಗಾಗಿ ಕ್ಯಾಮೆರಾ ಮೇಲಿನ ಫ್ಲಾಶ್ ಹಾಕಬಾರದು.

ಕಪ್ಪು-ಬಿಳುಪು ಯಾಕೆ ಬೇಡವೆಂದರೆ ಇದು ಬಣ್ಣದ ಕಸುಬು. ಕೆಂಪು ಗುಲಾಬಿ, ಅದರ ಹಸಿರೆಲೆ ಎರಡೂ ಹೆಚ್ಚುಕಡಿಮೆ ಒಂದೇ ಬೂದಿಗೆ ಇಳಿಯುತ್ತವೆ. ಗಾಜಿನ ಬಳೆ, ರವಿಕೆ, ಮೂಗುಬೊಟ್ಟು ಅವರು ಆರಿಸಿಕೊಂಡದ್ದು. ಅದನ್ನು ಅಳಿಸುವ ಹಕ್ಕು ನಮಗಿಲ್ಲ.

ಒಪ್ಪಿಗೆಯ ವಿಷಯ ಚಿಕ್ಕದಾಗಿ ಹೇಳಿದರೂ ಚಿಕ್ಕದಲ್ಲ. ಅವರು ಓದುವ ಭಾಷೆಯಲ್ಲಿ ಒಂದು ಪುಟ. ಪ್ರದರ್ಶನ, ಪತ್ರಿಕೆ, ಇಂಟರ್‌ನೆಟ್, ಪುಸ್ತಕ ನಾಲ್ಕಕ್ಕೂ ಬೇರೆ ಬೇರೆ ಚೌಕ. ಓದು ಬಾರದವರಿಗೆ ಅವರ ಕಡೆಯವರೊಬ್ಬರು ಓದಿ ಹೇಳಲಿ. ಒಮ್ಮೆ ಕೊಟ್ಟ ಒಪ್ಪಿಗೆಯನ್ನು ವಾಪಸ್ ಪಡೆಯುವ ಹಕ್ಕನ್ನೂ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಬರೆದಿದೆ, ಆ ಮಾತನ್ನು ಪುಟದಲ್ಲಿ ಬರೆಯಿರಿ. ಗಾರ್ಮೆಂಟ್ಸ್‌ನವರ ಕೊರಳಿನ ಐಡಿ ಕಾರ್ಡ್ ಫ್ರೇಮಿನಿಂದ ಹೊರಗಿರಲಿ, ಕೆಲಸಕ್ಕೆ ಕುತ್ತು ಬರಬಾರದು. ಮನೆಗೆಲಸದವರನ್ನು ಯಜಮಾನರ ಮನೆಯಲ್ಲಿ ತೆಗೆಯಬೇಡಿ. ಲಿಂಗತ್ವ ಅಲ್ಪಸಂಖ್ಯಾತರ ಹಳೆಯ ಹೆಸರು ಕೇಳಲೂ ಬೇಡಿ. ಚಿತ್ರದ ಕೆಳಗೆ ಬರೆಯುವ ಸಾಲನ್ನು ಅವರಿಗೇ ಓದಿ ಹೇಳಿ. ‘ಅಕ್ಕ, ಇದು ಸರಿಯಾ?’ ಎಂದಾಗ ತಲೆಯಾಡಿಸದಿದ್ದರೆ ಬದಲಿಸಿ. ಯಾವ ಗೋಡೆಗೂ ಏರುವ ಮೊದಲು 8×12 ಇಂಚಿನ ಒಂದು ಪ್ರಿಂಟು ಅವರ ಕೈ ಸೇರಿರಬೇಕು.

ಪ್ರದರ್ಶನಕ್ಕೆ 24 ಮೆಗಾಪಿಕ್ಸೆಲ್ ಫೈಲಿನಿಂದ 20×30 ಇಂಚು ಧಾರಾಳವಾಗಿ ಬರುತ್ತದೆ, ಇಂಚಿಗೆ 200 ಪಿಕ್ಸೆಲ್. ಮ್ಯಾಟ್ ಕಾಗದ, ಸನ್‌ಬೋರ್ಡ್ ಎನ್ನುವ ಹಗುರ ಹಲಗೆಯ ಮೇಲೆ. ಗ್ಯಾಲರಿಗಳಲ್ಲಿ ಚಿತ್ರದ ನಡುಭಾಗ ನೆಲದಿಂದ 145–150 ಸೆಂ.ಮೀ. ಇಡುವ ರೂಢಿ; ನೀವು 140ಕ್ಕೆ ಇಳಿಸಿ, ಚಿತ್ರದಲ್ಲಿರುವವರೇ ಬಂದು ಕತ್ತೆತ್ತದೆ ನೋಡುವಂತಿರಲಿ. ಜಾಗಕ್ಕೆ ಎಂ.ಜಿ. ರಸ್ತೆಯ ರಂಗೋಲಿ ಮೆಟ್ರೊ ಕಲಾ ಕೇಂದ್ರ, ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತು ಕೇಳಿ ನೋಡಿ. ವರಮಹಾಲಕ್ಷ್ಮಿ, ಆಯುಧಪೂಜೆ ವಾರದಲ್ಲಿ ತೆಗೆಯಲೂ ಹೋಗಬೇಡಿ, ಕರೆಯಲೂ ಬೇಡಿ. ಹೂವಿನವರಿಗೆ ಅದು ವರ್ಷದ ದುಡಿಮೆಯ ಹೊತ್ತು. ಉದ್ಘಾಟನೆ ಭಾನುವಾರ ಮಧ್ಯಾಹ್ನ ಮೂರಕ್ಕಿರಲಿ. ಗಾರ್ಮೆಂಟ್ಸ್‌ಗೆ ರಜೆ, ಬೆಳಗಿನ ಹೂವಿನ ವ್ಯಾಪಾರವೂ ಅಷ್ಟರಲ್ಲಿ ಇಳಿದಿರುತ್ತದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸು ಉಚಿತ, ಆದ್ದರಿಂದ ಆಹ್ವಾನ ಪತ್ರಿಕೆಯಲ್ಲಿ ಮಾರ್ಕೆಟ್ಟಿನಿಂದ ಅಲ್ಲಿಗೆ ಹೋಗುವ ಬಸ್ಸಿನ ನಂಬರನ್ನು ದೊಡ್ಡದಾಗಿ ಹಾಕಿಸಿ.