ವಾಹನ ಪ್ರಶ್ನೋತ್ತರ: ಕ್ಯಾಮ್‌ಶಾಫ್ಟ್ ಬಿಚ್ಚುವ, ಪರೀಕ್ಷಿಸುವ, ಮತ್ತೆ ಕೂರಿಸುವ ಕ್ರಮ

ಪ್ರಶ್ನೆ: ಮಾನ್ಯರೇ, ನಮ್ಮ ಮನೆಯಲ್ಲಿ ಹನ್ನೊಂದು ವರ್ಷ ಹಳೆಯದಾದ, 1.2 ಲೀಟರ್ ಪೆಟ್ರೋಲ್ ಎಂಜಿನ್ನಿನ ಸಣ್ಣ ಕಾರು ಇದೆ. ನಾಲ್ಕು ಸಿಲಿಂಡರ್, ಹದಿನಾರು ವಾಲ್ವ್, ಎರಡು ಕ್ಯಾಮ್‌ಶಾಫ್ಟ್, ಟೈಮಿಂಗ್ ಚೈನ್. ಮಳೆಗಾಲ ಆರಂಭವಾದಾಗಿನಿಂದ ಬೆಳಿಗ್ಗೆ ಸ್ಟಾರ್ಟ್ ಮಾಡಿದೊಡನೆ ಎಂಜಿನ್ನಿನ ಮೇಲ್ಭಾಗದಲ್ಲಿ ಟಿಕ್ ಟಿಕ್ ಸದ್ದು ಬರುತ್ತಿತ್ತು. ಈಗ ಬಿಸಿಯಾದ ಮೇಲೂ ನಿಲ್ಲುತ್ತಿಲ್ಲ. ಮೆಕ್ಯಾನಿಕ್ ಕವರ್ ತೆಗೆದು ನೋಡಿ, ಎಕ್ಸಾಸ್ಟ್ ಕ್ಯಾಮ್ ಸವೆದಿದೆ, ಎರಡನ್ನೂ ಬದಲಾಯಿಸಬೇಕು ಎಂದರು. ಐಟಿಐ ಮುಗಿಸಿರುವ ನನ್ನ ತಮ್ಮ ಮನೆಯ ಶೆಡ್ಡಿನಲ್ಲೇ ಬಿಚ್ಚಿ ನೋಡುತ್ತೇನೆ ಎನ್ನುತ್ತಾನೆ. ಕೈಲ್ ಮುಹೂರ್ತ ಹಬ್ಬದ ಹೊತ್ತಿಗೆ ಕಾರು ಸಿದ್ಧವಾಗಬೇಕು. ಈ ಕೆಲಸವನ್ನು ಯಾವ ಕ್ರಮದಲ್ಲಿ ಮಾಡಬೇಕು? ಎರಡೂ ಕ್ಯಾಮ್ ಬದಲಾಯಿಸುವುದು ಅಗತ್ಯವೇ?
— ನಾಪೋಕ್ಲಿನ ಓದುಗರೊಬ್ಬರು

ಉತ್ತರ: ಐಟಿಐ ಕಲಿತ ಕೈಗೆ ಇದು ಮೀರಿದ ಕೆಲಸವಲ್ಲ. ಆದರೆ ಹಬ್ಬದ ದಿನವನ್ನು ಗಡುವಾಗಿ ಇಟ್ಟುಕೊಂಡು ಮಾಡುವ ಕೆಲಸವೂ ಅಲ್ಲ. ಇಪ್ಪತ್ತು ವರ್ಷ ಓಡಿದರೂ ಏನೂ ಆಗದ ಕ್ಯಾಮ್‌ಶಾಫ್ಟ್, ಬಿಚ್ಚುವವರ ಅವಸರದಿಂದ ಎರಡು ನಿಮಿಷದಲ್ಲಿ ತುಂಡಾಗಬಹುದು. ಆದ್ದರಿಂದ ಬಿಚ್ಚುವ ಭಾಗವನ್ನೇ ಹೆಚ್ಚು ವಿವರವಾಗಿ ಹೇಳುತ್ತೇನೆ.

ಮೊದಲು ಒಳಗಿನ ಒಂದು ಬೋಲ್ಟನ್ನೂ ಸಡಿಲಿಸದೆ, ಎಂಜಿನ್ ಪೂರ್ತಿ ತಣ್ಣಗಿರುವಾಗ, ವಾಲ್ವ್ ಕವರ್ ಮಾತ್ರ ತೆಗೆದು, ಹದಿನಾರೂ ವಾಲ್ವ್‌ಗಳ ಟ್ಯಾಪೆಟ್ (ಕ್ಯಾಮ್ ಒತ್ತುವ, ವಾಲ್ವಿನ ಮೇಲೆ ಕೂತಿರುವ ಬಟ್ಟಲು) ಸಂದನ್ನು, ಅಂದರೆ ಕ್ಯಾಮ್‌ಗೂ ಅದಕ್ಕೂ ನಡುವಿನ ಜಾಗವನ್ನು, ತೆಳು ತಗಡುಗಳ ಫೀಲರ್ ಗೇಜ್‌ನಿಂದ ಅಳೆದು ಕಾಗದದಲ್ಲಿ ಬರೆದುಕೊಳ್ಳಲಿ. ಕ್ಯಾಮ್‌ನ ಪ್ರತಿಯೊಂದು ಲೋಬೂ (ಉಬ್ಬೂ) ಮೊಟ್ಟೆಯ ಆಕಾರದಲ್ಲಿರುತ್ತದೆ. ಚೂಪಾದ ಮೂತಿ ವಾಲ್ವನ್ನು ಒತ್ತಿ ತೆರೆಯುತ್ತದೆ, ದುಂಡನೆಯ ಬೆನ್ನು ಅದನ್ನು ಮುಚ್ಚಿಕೊಳ್ಳಲು ಬಿಡುತ್ತದೆ. ಸಂದನ್ನು ಅಳೆಯುವುದು ಬೆನ್ನಿನ ಭಾಗ ಟ್ಯಾಪೆಟ್‌ನ ಮೇಲಿರುವಾಗ. ಹಾಗಾಗಿ ಮೂತಿ ಎಷ್ಟೇ ಸವೆದಿದ್ದರೂ ಫೀಲರ್ ಗೇಜ್ ಅದನ್ನು ಹೇಳುವುದಿಲ್ಲ. ಹಾಗೆಯೇ, ಮೂತಿ ಚೆನ್ನಾಗಿದ್ದು ಸಂದು ಮಾತ್ರ ಹೆಚ್ಚಾಗಿದ್ದರೂ ಟಿಕ್ ಟಿಕ್ ಸದ್ದು ಬರುತ್ತದೆ. ಇವೆರಡೂ ಬೇರೆ ಬೇರೆ ದೋಷಗಳು, ಇವುಗಳ ಖರ್ಚಿಗೂ ಬಹಳ ಅಂತರವಿದೆ. ನಿಮ್ಮ ಮೆಕ್ಯಾನಿಕ್ ಅಳತೆ ಮಾಡದೆ ಕಣ್ಣಳತೆಯಲ್ಲೇ ತೀರ್ಮಾನಿಸಿದ್ದರೆ ಆ ತೀರ್ಮಾನವನ್ನು ನಾನು ಒಪ್ಪುವುದಿಲ್ಲ.

ಇನ್ನು ಬಿಚ್ಚುವ ತಯಾರಿ. ಬ್ಯಾಟರಿಯ ನೆಗೆಟಿವ್ ತಂತಿಯನ್ನು ಕಳಚಿ, ನಾಲ್ಕೂ ಸ್ಪಾರ್ಕ್ ಪ್ಲಗ್ ತೆಗೆದರೆ ಎಂಜಿನ್ ಕೈಯಲ್ಲೇ ಹಗುರವಾಗಿ ತಿರುಗುತ್ತದೆ. ಪಿಸ್ಟನ್‌ಗಳು ತಿರುಗಿಸುವ ಮುಖ್ಯ ಶಾಫ್ಟಾದ ಕ್ರ್ಯಾಂಕಿನ ಪುಲ್ಲಿಯ ಬೋಲ್ಟಿಗೆ ಸ್ಪ್ಯಾನರ್ ಹಾಕಿ, ಎಂಜಿನ್ ಓಡುವ ದಿಕ್ಕಿನಲ್ಲೇ ತಿರುಗಿಸುತ್ತಾ, ಒಂದನೇ ಸಿಲಿಂಡರಿನ ಪಿಸ್ಟನ್ ಮೇಲ್ತುದಿಗೆ ಬರುವಂತೆ ಗುರುತನ್ನು ಕೂಡಿಸಬೇಕು. ಕ್ರ್ಯಾಂಕ್ ಎರಡು ಸುತ್ತು ಬಂದಾಗ ಕ್ಯಾಮ್ ಒಂದೇ ಸುತ್ತು ಬರುವುದರಿಂದ, ಪುಲ್ಲಿಯ ಗುರುತು ಕೂಡಿದ್ದರೂ ಕ್ಯಾಮ್ ಎದುರು ದಿಕ್ಕಿನಲ್ಲಿರಬಹುದು. ಒಂದನೇ ಸಿಲಿಂಡರಿನ ಲೋಬ್‌ಗಳ ಮೂತಿಗಳು ಟ್ಯಾಪೆಟ್‌ಗಳನ್ನು ಒತ್ತದೆ ಆಚೆ ತಿರುಗಿವೆಯೇ ಎಂದು ನೋಡಿದರೆ ಈ ಗೊಂದಲ ತೀರುತ್ತದೆ. ಕಾರ್ಖಾನೆಯ ಗುರುತುಗಳು ಮಸಿಯಲ್ಲಿ ಕಾಣದೆ ಹೋಗುವುದುಂಟು. ಆದ್ದರಿಂದ ಚೈನಿನ ಕೊಂಡಿಗೂ ಅದು ಕೂತಿರುವ ಸ್ಪ್ರಾಕೆಟ್ ಹಲ್ಲಿಗೂ ಬಿಳಿ ಬಣ್ಣದ ಚುಕ್ಕೆಯಿಟ್ಟು, ಮೊಬೈಲಿನಲ್ಲಿ ಮೇಲಿನಿಂದಲೂ ಪಕ್ಕದಿಂದಲೂ ಚಿತ್ರ ತೆಗೆದಿಟ್ಟುಕೊಳ್ಳಲಿ. ಟೈಮಿಂಗ್ ಕವರ್ ಮತ್ತು ಚೈನನ್ನು ಬಿಗಿಯಾಗಿಡುವ ಟೆನ್ಷನರ್ ತೆಗೆಯುವ ವಿಧಾನ ಎಂಜಿನ್ನಿನಿಂದ ಎಂಜಿನ್ನಿಗೆ ಬೇರೆಯಾಗಿರುವುದರಿಂದ ನಿಮ್ಮ ಕಾರಿನ ಸರ್ವಿಸ್ ಮ್ಯಾನ್ಯುಯಲ್ ಕೈಯಲ್ಲಿಲ್ಲದೆ ಮುಂದುವರಿಯಬಾರದು. ಕ್ಯಾಮ್ ತಿರುಗದಂತೆ ಹಿಡಿಯಬೇಕಾದಾಗ ಶಾಫ್ಟಿನ ಮೇಲೆಯೇ ಇರುವ ಆರು ಮೂಲೆಯ ಭಾಗಕ್ಕೆ ಸ್ಪ್ಯಾನರ್ ಕೊಡಬೇಕು. ಚೈನಿನ ಬಲದ ಮೇಲೆ ಸ್ಪ್ರಾಕೆಟ್ ಬೋಲ್ಟ್ ಸಡಿಲಿಸಬಾರದು. ಚೈನ್ ಕಳಚಿದ ಮೇಲೆ ಕ್ರ್ಯಾಂಕನ್ನಾಗಲಿ ಕ್ಯಾಮನ್ನಾಗಲಿ ಮನಬಂದಂತೆ ತಿರುಗಿಸಿದರೆ ವಾಲ್ವ್ ಮತ್ತು ಪಿಸ್ಟನ್ ಒಂದಕ್ಕೊಂದು ತಗುಲಿ ವಾಲ್ವ್ ಬಾಗುತ್ತದೆ.

ಈಗ ಈ ಕೆಲಸದ ಅತಿ ಸೂಕ್ಷ್ಮವಾದ ಹಂತಕ್ಕೆ ಬರೋಣ. ಕ್ಯಾಮ್‌ಶಾಫ್ಟನ್ನು ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿಗೆ ಹಿಡಿದಿಟ್ಟಿರುವುದು ಸಾಲಾಗಿರುವ ಬೇರಿಂಗ್ ಕ್ಯಾಪ್‌ಗಳು. ಯಾವುದೇ ಸ್ಥಾನದಲ್ಲಿ ನಿಲ್ಲಿಸಿದರೂ ಕೆಲವು ಲೋಬ್‌ಗಳ ಕೆಳಗೆ ವಾಲ್ವ್ ಸ್ಪ್ರಿಂಗ್‌ಗಳು ಒತ್ತಡದಲ್ಲಿದ್ದು, ಶಾಫ್ಟನ್ನು ಮೇಲಕ್ಕೆ ತಳ್ಳುತ್ತಲೇ ಇರುತ್ತವೆ. ಹೆಚ್ಚಿನ ಕ್ಯಾಮ್‌ಶಾಫ್ಟ್‌ಗಳು ಎರಕದ ಕಬ್ಬಿಣದವು. ಲೋಬಿನ ಮೈ ಗಟ್ಟಿಯಾಗಿರುತ್ತದೆ, ಆದರೆ ಶಾಫ್ಟ್ ಬಾಗುವುದನ್ನು ತಾಳುವುದಿಲ್ಲ. ಒಂದು ತುದಿಯ ಕ್ಯಾಪನ್ನು ಪೂರ್ತಿ ಬಿಚ್ಚಿ ತೆಗೆದರೆ, ಆ ತುದಿ ಸ್ಪ್ರಿಂಗಿನ ಬಲಕ್ಕೆ ಮೇಲೇಳುತ್ತದೆ, ಇನ್ನೊಂದು ತುದಿ ಬಿಗಿಯಾಗಿಯೇ ಇರುತ್ತದೆ. ನಾನು ಕೆಲಸ ಕಲಿಯುತ್ತಿದ್ದ ಕಾಲದಲ್ಲಿ, ಮಧ್ಯಾಹ್ನದೊಳಗೆ ಗಾಡಿ ಕೊಡಬೇಕೆಂಬ ಆತುರದಲ್ಲಿ ಹೀಗೆಯೇ ಒಂದು ಕಡೆಯಿಂದ ಬಿಚ್ಚುತ್ತಾ ಹೋದೆ. ಒಣ ಕಡ್ಡಿ ಮುರಿದಂಥ ಒಂದು ಸದ್ದು ಬಂತು. ಎರಡನೇ ಮತ್ತು ಮೂರನೇ ಕ್ಯಾಪ್‌ಗಳ ನಡುವೆ ಶಾಫ್ಟ್ ಎರಡು ತುಂಡಾಗಿತ್ತು. ಮುರಿದ ಮುಖ ಬೂದು ಬಣ್ಣದ ಹರಳುಹರಳಾಗಿ ಕಾಣುತ್ತಿದ್ದುದು ಇಂದಿಗೂ ನೆನಪಿದೆ. ಅದುವರೆಗೆ ಆ ಶಾಫ್ಟಿನಲ್ಲಿ ಯಾವ ದೋಷವೂ ಇರಲಿಲ್ಲ.

ಆದ್ದರಿಂದ ಕ್ಯಾಪ್ ಬೋಲ್ಟ್‌ಗಳನ್ನು ಎರಡೂ ತುದಿಗಳಿಂದ ಆರಂಭಿಸಿ ಮಧ್ಯದ ಕಡೆಗೆ ಬರುತ್ತಾ, ಒಮ್ಮೆಗೆ ಅರ್ಧ ಸುತ್ತು ಮಾತ್ರ ಸಡಿಲಿಸಿ, ಮತ್ತೆ ಮೊದಲಿನಿಂದ ಅರ್ಧ ಸುತ್ತು ಸಡಿಲಿಸುತ್ತಾ, ಶಾಫ್ಟ್ ತನ್ನ ಉದ್ದಕ್ಕೂ ಮಟ್ಟವಾಗಿ ಮೇಲೇಳುವಂತೆ ನೋಡಿಕೊಳ್ಳಬೇಕು. ಮ್ಯಾನ್ಯುಯಲ್ ಬೇರೆ ಅನುಕ್ರಮ ಕೊಟ್ಟಿದ್ದರೆ ಅದನ್ನೇ ಪಾಲಿಸಿ. ಕ್ಯಾಪ್‌ಗಳ ಮೇಲೆ ಸಂಖ್ಯೆಯೂ ಬಾಣದ ಗುರುತೂ ಇರುತ್ತವೆ. ಕ್ಯಾಪನ್ನೂ ಹೆಡ್ಡನ್ನೂ ಜೋಡಿಸಿಟ್ಟು ಒಟ್ಟಿಗೆ ರಂಧ್ರ ಕೊರೆದಿರುವುದರಿಂದ ಒಂದರ ಜಾಗದಲ್ಲಿ ಇನ್ನೊಂದು ಸರಿಹೊಂದುವುದಿಲ್ಲ. ಅದೇ ಕ್ಯಾಪನ್ನು ತಿರುಗಿಸಿ ಹಾಕಿದರೂ ಶಾಫ್ಟ್ ಬಿಗಿದುಕೊಳ್ಳುತ್ತದೆ. ರಟ್ಟಿನ ಮೇಲೆ ಎಂಜಿನ್ನಿನ ಚಿತ್ರ ಬರೆದು, ಪ್ರತಿ ಕ್ಯಾಪ್, ಬೋಲ್ಟ್ ಮತ್ತು ಟ್ಯಾಪೆಟನ್ನು ಅದರದರ ಜಾಗದಲ್ಲಿಡುವುದು ಒಳ್ಳೆಯ ಅಭ್ಯಾಸ. ಟ್ಯಾಪೆಟ್‌ಗಳನ್ನು ಬೆರೆಸಿಬಿಟ್ಟರೆ ಮೊದಲು ಬರೆದುಕೊಂಡ ಅಳತೆಗಳಿಗೆ ಅರ್ಥವೇ ಉಳಿಯುವುದಿಲ್ಲ.

ಹೊರಬಂದ ಶಾಫ್ಟನ್ನು ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ತೊಳೆದು ಒರೆಸಿ, ಬೆಳಕಿನಲ್ಲಿ ಹಿಡಿದು ನೋಡಲಿ. ಚೆನ್ನಾಗಿರುವ ಲೋಬ್ ಮೂತಿಯ ಮೇಲೆ ಒಂದೇ ಸಮನಾದ ಹೊಳಪು ಇರುತ್ತದೆ. ಉಗುರನ್ನು ಅಡ್ಡಲಾಗಿ ಎಳೆದಾಗ ಎಲ್ಲಾದರೂ ಸಿಕ್ಕಿಕೊಂಡರೆ, ಸೂಜಿ ಚುಚ್ಚಿದಂಥ ಗುಳಿಗಳು ಕಂಡರೆ, ಮೂತಿ ಚಪ್ಪಟೆಯಾಗಿದ್ದರೆ ಆ ಶಾಫ್ಟನ್ನು ಮತ್ತೆ ಹಾಕಬಾರದು. ಕಣ್ಣಿಗೆ ಸರಿಯೆನಿಸಿದರೂ ಮೈಕ್ರೊಮೀಟರಿನಿಂದ ಎಕ್ಸಾಸ್ಟ್ ಕ್ಯಾಮ್‌ನ ಎಂಟೂ ಲೋಬ್‌ಗಳ ಎತ್ತರ ಅಳೆಯಿರಿ. ಮಿತಿ ಎಷ್ಟೆಂಬುದು ಮ್ಯಾನ್ಯುಯಲ್‌ನಲ್ಲಿರುತ್ತದೆ. ಏಳು ಲೋಬ್‌ಗಳು ಒಂದೇ ಅಳತೆಯಲ್ಲಿದ್ದು ಎಂಟನೆಯದು 0.3 ಮಿ.ಮೀ. ಕಡಿಮೆಯಿದ್ದರೆ ಅದು ಸವೆದಿರುವ ಬಗ್ಗೆ ಸಂಶಯವೇ ಬೇಡ. ಶಾಫ್ಟ್ ಬಾಗಿದೆಯೇ ಎಂದು ತಿಳಿಯಲು ಎರಡು ವಿ-ಬ್ಲಾಕ್‌ಗಳ ಮೇಲಿಟ್ಟು, ಕ್ಯಾಪಿನೊಳಗೆ ಕೂತು ತಿರುಗುವ ಮಧ್ಯದ ದುಂಡು ಭಾಗವಾದ ಜರ್ನಲ್‌ಗೆ ಡಯಲ್ ಗೇಜ್ ತಾಗಿಸಿ ನಿಧಾನವಾಗಿ ತಿರುಗಿಸಬೇಕು. ಇದಕ್ಕೆ ಮನೆಯಲ್ಲಿ ಸಲಕರಣೆ ಇರುವುದಿಲ್ಲವಾದ್ದರಿಂದ ಲೇತ್ ಕೆಲಸದವರ ಬಳಿಗೆ ಒಯ್ಯುವುದೇ ಸರಿ.

ಜರ್ನಲ್‌ಗಳನ್ನು ನೋಡುವಾಗ ಹೆಡ್ಡನ್ನೂ ನೋಡಬೇಕು ಎಂಬುದನ್ನು ಅನೇಕರು ಮರೆಯುತ್ತಾರೆ. ಇಂಥ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ ಕ್ಯಾಮ್‌ಗೆ ಪ್ರತ್ಯೇಕ ಬೇರಿಂಗ್ ಇರುವುದಿಲ್ಲ. ಶಾಫ್ಟ್ ನೇರವಾಗಿ ಹೆಡ್ಡಿನ ಅಲ್ಯೂಮಿನಿಯಂ ಮೇಲೆ, ನಡುವಿನ ಆಯಿಲ್ ಪದರದ ಆಸರೆಯಲ್ಲಿ ತಿರುಗುತ್ತದೆ. ಅಲ್ಲಿ ಆಳವಾದ ಗೆರೆಗಳು ಬಿದ್ದಿದ್ದರೆ ಹೊಸ ಕ್ಯಾಮ್ ಹಾಕಿ ಪ್ರಯೋಜನವಿಲ್ಲ, ಹೆಡ್ಡಿನ ಮಾತೇ ಬರುತ್ತದೆ. ಸಂದನ್ನು ಅಳೆಯಲು ಪ್ಲಾಸ್ಟಿಗೇಜ್ ಎಂಬ ದಾರದಂಥ ಎಳೆ ಸಿಗುತ್ತದೆ. ಒಣಗಿದ ಜರ್ನಲ್ ಮೇಲೆ ಅದನ್ನಿಟ್ಟು, ಕ್ಯಾಪನ್ನು ಸರಿಯಾದ ಬಿಗಿತಕ್ಕೆ ಬಿಗಿದು, ಶಾಫ್ಟನ್ನು ಕೂದಲೆಳೆಯಷ್ಟೂ ತಿರುಗಿಸದೆ ಮತ್ತೆ ಬಿಚ್ಚಿ, ಎಳೆ ಎಷ್ಟು ಅಗಲಕ್ಕೆ ಚಪ್ಪಟೆಯಾಗಿದೆ ಎಂದು ಪೊಟ್ಟಣದ ಮೇಲಿನ ಅಳತೆಪಟ್ಟಿಗೆ ಹೋಲಿಸಬೇಕು.

ಎರಡೂ ಕ್ಯಾಮ್ ಬದಲಾಯಿಸಬೇಕೇ ಎಂದು ಕೇಳಿದ್ದೀರಿ. ಇನ್‌ಟೇಕ್ ಕ್ಯಾಮ್ ಮಿತಿಯೊಳಗಿದ್ದರೆ ಅದನ್ನು ಬದಲಾಯಿಸಲು ಯಾವ ಕಾರಣವೂ ಇಲ್ಲ. ಆದರೆ ಸವೆದ ಲೋಬಿನ ಕೆಳಗಿದ್ದ ಟ್ಯಾಪೆಟನ್ನು ತಪ್ಪದೆ ಬದಲಾಯಿಸಿ; ಹಳೆಯ ಟ್ಯಾಪೆಟ್‌ನ ಒರಟು ಮುಖ ಹೊಸ ಲೋಬನ್ನು ಬೇಗನೆ ತಿನ್ನುತ್ತದೆ. ಜೊತೆಗೆ, ಒಂದೇ ಲೋಬ್ ಏಕೆ ಸವೆಯಿತು ಎಂದು ಹುಡುಕಬೇಕು. ಹೆಚ್ಚಾಗಿ ಅಲ್ಲಿಗೆ ಆಯಿಲ್ ಸರಿಯಾಗಿ ತಲುಪಿರುವುದಿಲ್ಲ. ಹೆಡ್ಡಿನ ಆಯಿಲ್ ರಂಧ್ರಗಳಲ್ಲಿ ಕಪ್ಪು ಜಿಡ್ಡು ಕಟ್ಟಿದೆಯೇ ಎಂದು ನೋಡಿ, ಗಾಳಿ ಊದಿ ಶುಚಿಗೊಳಿಸಲಿ.

ಕೂರಿಸುವಾಗ ಜರ್ನಲ್, ಲೋಬ್, ಟ್ಯಾಪೆಟ್ ಎಲ್ಲಕ್ಕೂ ಧಾರಾಳವಾಗಿ ಎಂಜಿನ್ ಆಯಿಲ್ ಅಥವಾ ಅಸೆಂಬ್ಲಿ ಗ್ರೀಸ್ ಸವರಬೇಕು. ಆದರೆ ಬೋಲ್ಟ್ ಇಳಿಯುವ ರಂಧ್ರದೊಳಗೆ ಆಯಿಲ್ ನಿಂತಿರಬಾರದು. ಬಿಗಿಯುವಾಗ ಆಯಿಲ್‌ಗೆ ಹೋಗಲು ದಾರಿಯಿಲ್ಲದೆ ಹೆಡ್ ಬಿರುಕು ಬಿಡುವುದುಂಟು. ಕ್ಯಾಪ್‌ಗಳನ್ನು ಸಂಖ್ಯೆ ಮತ್ತು ಬಾಣದ ಪ್ರಕಾರ ಇಟ್ಟು, ಬೋಲ್ಟ್‌ಗಳನ್ನು ಮೊದಲು ಕೈಬೆರಳಿನಲ್ಲೇ ಇಳಿಸಿ, ಈ ಬಾರಿ ಮಧ್ಯದಿಂದ ತುದಿಗಳ ಕಡೆಗೆ ಹೋಗುತ್ತಾ, ಹಂತಹಂತವಾಗಿ ಬಿಗಿಯಬೇಕು. ಈ ಸಣ್ಣ ಬೋಲ್ಟ್‌ಗಳಿಗೆ ಬೇಕಾದದ್ದು ಸಾಮಾನ್ಯವಾಗಿ 10ರಿಂದ 12 ನ್ಯೂಟನ್ ಮೀಟರ್ ಮಾತ್ರ. ಚಕ್ರದ ನಟ್ಟು ಬಿಗಿಯುವ ದೊಡ್ಡ ಟಾರ್ಕ್ ರೆಂಚ್ ಇಷ್ಟು ಕಡಿಮೆ ಬಿಗಿತವನ್ನು ನಂಬುವಂತೆ ತೋರಿಸುವುದಿಲ್ಲ; ಸಣ್ಣದೊಂದನ್ನು ಎರವಲು ತಂದಾದರೂ ಬಳಸಿ. ಅಲ್ಯೂಮಿನಿಯಂ ರಂಧ್ರದ ಥ್ರೆಡ್ ಒಮ್ಮೆ ಕಿತ್ತುಬಂದರೆ ದುರಸ್ತಿ ದೊಡ್ಡದಾಗುತ್ತದೆ.

ಚೈನ್ ಮತ್ತು ಟೆನ್ಷನರ್ ಕೂರಿಸಿದ ಮೇಲೆ ಕ್ರ್ಯಾಂಕನ್ನು ಕೈಯಿಂದ ಪೂರ್ತಿ ಎರಡು ಸುತ್ತು ತಿರುಗಿಸಿ, ಕ್ಯಾಮ್ ಮತ್ತು ಕ್ರ್ಯಾಂಕ್ ಗುರುತುಗಳು ಮತ್ತೆ ಕೂಡುತ್ತವೆಯೇ ಎಂದು ನೋಡಬೇಕು. ಚೈನಿನ ಮೇಲೆ ಇಟ್ಟ ಚುಕ್ಕೆಗಳು ಎರಡು ಸುತ್ತಿಗೆ ಮತ್ತೆ ಅದೇ ಜಾಗಕ್ಕೆ ಬರುವುದಿಲ್ಲ, ಅದಕ್ಕೆ ಗಾಬರಿ ಬೇಡ. ನಡುವೆ ಎಲ್ಲಾದರೂ ಗಟ್ಟಿಯಾಗಿ ತಡೆದರೆ ಬಲ ಹಾಕದೆ ಅಲ್ಲಿಯೇ ನಿಲ್ಲಿಸಿ, ತಪ್ಪೆಲ್ಲಿದೆ ಎಂದು ಹುಡುಕಲಿ. ಸ್ಟಾರ್ಟರ್ ಮೋಟಾರಿಗೆ ಈ ತಡೆ ಗೊತ್ತಾಗುವುದಿಲ್ಲ, ಕೈಗೆ ಗೊತ್ತಾಗುತ್ತದೆ. ಅನಂತರ ಸಂದುಗಳನ್ನು ಮತ್ತೊಮ್ಮೆ ಅಳೆಯಬೇಕು. ಉದಾಹರಣೆಗೆ, ಒಂದು ಎಕ್ಸಾಸ್ಟ್ ವಾಲ್ವಿಗೆ 0.30 ಮಿ.ಮೀ. ಇರಬೇಕಾದ ಕಡೆ 0.38 ಬಂದಿದ್ದು, ಅಲ್ಲಿರುವ ಟ್ಯಾಪೆಟ್‌ನ ದಪ್ಪ 3.10 ಆಗಿದ್ದರೆ, ಹೆಚ್ಚಾಗಿರುವ 0.08 ಸೇರಿಸಿ 3.18 ದಪ್ಪದ ಟ್ಯಾಪೆಟ್ ಹಾಕಬೇಕು. ವಾಲ್ವ್ ಕವರಿಗೆ ಹೊಸ ಗ್ಯಾಸ್ಕೆಟ್ ಹಾಕಿ; ಟೈಮಿಂಗ್ ಕವರ್ ಹೆಡ್ಡಿಗೆ ಸೇರುವ ಮೂಲೆಗಳಲ್ಲಿ ಮಾತ್ರ ಸ್ವಲ್ಪ ಸಿಲಿಕೋನ್ ಸಾಕು.

ನಮ್ಮ ಕೊಡಗು ಜಿಲ್ಲೆಯ ಹವೆಯ ಬಗ್ಗೆ ಒಂದು ಮಾತು ಸೇರಿಸಬೇಕು. ಕಕ್ಕಡ ತಿಂಗಳ ಮಳೆಯಲ್ಲಿ ಬಿಚ್ಚಿಟ್ಟ ಶಾಫ್ಟನ್ನು ಒಂದು ರಾತ್ರಿ ಹಾಗೆಯೇ ಬಿಟ್ಟರೂ ಜರ್ನಲ್ ಮೇಲೆ ಕೆಂಪು ತುಕ್ಕಿನ ಪದರ ಏಳುತ್ತದೆ. ಆಯಿಲ್ ಸವರಿ ಪ್ಲಾಸ್ಟಿಕ್‌ನಲ್ಲಿ ಸುತ್ತಿಡಲಿ. ತೋಟದ ಮನೆಯಿಂದ ಪೇಟೆಗೆ ಮೂರು ನಾಲ್ಕು ಕಿಲೋಮೀಟರ್ ಮಾತ್ರ ಓಡುವ ಕಾರಿನ ಎಂಜಿನ್ ಪೂರ್ತಿ ಬಿಸಿಯಾಗುವುದೇ ಇಲ್ಲ, ಒಳಗಿನ ತೇವ ಆರುವುದಿಲ್ಲ. ಆಯಿಲ್ ತುಂಬುವ ಮುಚ್ಚಳದ ಅಡಿಯಲ್ಲಿ ಮಜ್ಜಿಗೆ ಬಣ್ಣದ ಅಂಟು ಕಂಡರೆ ಹೆಚ್ಚಾಗಿ ಅದೇ ಕಾರಣ, ಆದರೂ ಕೂಲಂಟ್ ಮಟ್ಟ ಇಳಿಯುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಿ. ಇಂಥ ಓಡಾಟದ ಕಾರಿಗೆ ಕಿಲೋಮೀಟರ್ ಲೆಕ್ಕ ನೋಡದೆ ಆರು ತಿಂಗಳಿಗೊಮ್ಮೆ ಆಯಿಲ್ ಬದಲಾಯಿಸುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ.

ಪ್ರಶ್ನೆ: ಹೆಡ್ ಕೆಲಸ ಮಾಡಿಸಿಕೊಂಡು ಬಂದ ಮೇಲೆ ನನ್ನ ಕಾರು ಸ್ಟಾರ್ಟ್ ಆಗಲು ತಡಮಾಡುತ್ತದೆ, ಏರಿನಲ್ಲಿ ಎಳೆಯುವುದಿಲ್ಲ, ಎಂಜಿನ್ ದೀಪ ಉರಿಯುತ್ತಲೇ ಇದೆ. ಸೆನ್ಸರ್ ಬದಲಾಯಿಸಿ ಎನ್ನುತ್ತಾರೆ. ಹಾಕಿಸಲೇ?
— ಸೋಮವಾರಪೇಟೆಯ ಓದುಗರೊಬ್ಬರು

ಉತ್ತರ: ಮೊದಲು ಟೈಮಿಂಗ್ ಗುರುತುಗಳನ್ನು ಪರೀಕ್ಷಿಸಲು ಹೇಳಿ. ಹೆಡ್ ಬಿಚ್ಚಿದ ಬೆನ್ನಿಗೇ ಈ ಲಕ್ಷಣಗಳು ಬಂದಿರುವುದರಿಂದ ಚೈನ್ ಅಥವಾ ಬೆಲ್ಟ್ ಒಂದು ಹಲ್ಲು ಆಚೀಚೆ ಕೂತಿರುವ ಸಾಧ್ಯತೆ ಬಲವಾಗಿದೆ. ಕ್ಯಾಮ್ ಸ್ಪ್ರಾಕೆಟ್‌ಗೆ 36 ಹಲ್ಲುಗಳಿದ್ದರೆ ಒಂದು ಹಲ್ಲಿನ ತಪ್ಪು ಕ್ಯಾಮ್‌ನಲ್ಲಿ 10 ಡಿಗ್ರಿ, ಕ್ರ್ಯಾಂಕ್ ಲೆಕ್ಕದಲ್ಲಿ 20 ಡಿಗ್ರಿಯಾಗುತ್ತದೆ. ವಾಲ್ವ್‌ಗಳು ಅಷ್ಟು ಬೇಗ ಅಥವಾ ತಡವಾಗಿ ತೆರೆದರೆ ಏರು ಹತ್ತುವ ಶಕ್ತಿ ಉಳಿಯುವುದಿಲ್ಲ. ಕ್ಯಾಮ್ ಸೆನ್ಸರ್ ಮತ್ತು ಕ್ರ್ಯಾಂಕ್ ಸೆನ್ಸರ್‌ಗಳ ಸಂಕೇತ ಹೊಂದದಿರುವುದನ್ನೇ ದೀಪ ಹೇಳುತ್ತಿರಬಹುದು. ಆಗ ಸೆನ್ಸರ್ ತಪ್ಪು ಮಾಡುತ್ತಿಲ್ಲ, ಸರಿಯಾಗಿಯೇ ವರದಿ ಮಾಡುತ್ತಿದೆ. ಪರೀಕ್ಷೆಯಾಗುವವರೆಗೆ ಕಾರನ್ನು ಓಡಿಸಬೇಡಿ, ಕೆಲಸ ಮಾಡಿದವರನ್ನೇ ಮನೆಗೆ ಕರೆಸಿ.

ಪ್ರಶ್ನೆ: ನಮ್ಮ ತೋಟದ ಹಳೆಯ ಡೀಸೆಲ್ ಜೀಪಿನಲ್ಲೂ ಇಂಥದೇ ಸದ್ದು ಇದೆ. ಕವರ್ ತೆಗೆದರೆ ಕ್ಯಾಮ್ ಕಾಣಿಸಲೇ ಇಲ್ಲ. ಎಲ್ಲಿರುತ್ತದೆ?
— ವಿರಾಜಪೇಟೆಯ ಓದುಗರೊಬ್ಬರು

ಉತ್ತರ: ಆ ಕಾಲದ ಜೀಪುಗಳ ಡೀಸೆಲ್ ಎಂಜಿನ್‌ಗಳಲ್ಲಿ ಕ್ಯಾಮ್‌ಶಾಫ್ಟ್ ಹೆಡ್ಡಿನಲ್ಲಿರದೆ ಕೆಳಗೆ ಬ್ಲಾಕಿನೊಳಗೆ ಇರುತ್ತದೆ, ಉದ್ದನೆಯ ಪುಶ್‌ರಾಡ್‌ಗಳ ಮೂಲಕ ಮೇಲಿನ ರಾಕರ್‌ಗಳನ್ನು ಆಡಿಸುತ್ತದೆ. ಕವರ್ ತೆಗೆದಾಗ ನಿಮಗೆ ಕಂಡದ್ದು ಆ ರಾಕರ್‌ಗಳು. ಕ್ಯಾಮ್ ತೆಗೆಯಬೇಕಾದರೆ ರೇಡಿಯೇಟರನ್ನೂ ಮುಂದಿನ ಟೈಮಿಂಗ್ ಕವರನ್ನೂ ಬಿಚ್ಚಿ ಶಾಫ್ಟನ್ನು ಮುಂಭಾಗದಿಂದ ಎಳೆಯಬೇಕಾಗುವುದರಿಂದ, ಅದು ಕಡೆಯ ಹೆಜ್ಜೆಯಾಗಿರಲಿ. ರಾಕರ್ ತುದಿಯ ಸ್ಕ್ರೂ ಮತ್ತು ಲಾಕ್ ನಟ್ಟಿನಿಂದ ಸಂದನ್ನು ಸರಿಪಡಿಸಿ ನೋಡಿ. ಸದ್ದು ನಿಲ್ಲದಿದ್ದರೆ ರಾಕರ್ ಶಾಫ್ಟಿನ ಸವೆತ ಮತ್ತು ಪುಶ್‌ರಾಡ್‌ಗಳ ನೇರವನ್ನು ಪರೀಕ್ಷಿಸಿ. ಪುಶ್‌ರಾಡನ್ನು ಗಾಜಿನ ಹಲಗೆಯ ಮೇಲೆ ಉರುಳಿಸಿದರೆ ಬಾಗಿರುವುದು ಕೂಡಲೇ ತಿಳಿಯುತ್ತದೆ.